ಒಳಪಟ್ಟಿಯಿಲ್ಲದ ಒರೆ

ಚಾಕು ಅಂಗಡಿಯಲ್ಲಿ ತೊಗಲಿನ ಒರೆ ಹೊಲಿಯುವ ಒರೆಯಕ್ಕನಿಗೆ ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನುವುದು ಅಭ್ಯಾಸವಾಗಿಹೋಗಿತ್ತು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾಗಿ ಬೀದಿಯೆಲ್ಲ ಬಿಸಿಲಿಗೆ ತೆಪ್ಪಗಾದ ಹೊತ್ತಿಗೆ ಹಿಂದಿನ ಕೋಣೆಯಿಂದ ಸಾಣೆ ಚಕ್ರ ತಿರುಗುವ ಸದ್ದು ಬರುತ್ತಿತ್ತು. ಜೋರಾಗಿ ಅಲ್ಲ, ಯಾರೋ ಏನೋ ಯೋಚನೆ ಮಾಡುತ್ತ ಕಾಲಲ್ಲಿ ನಿಧಾನವಾಗಿ ತುಳಿಯುತ್ತ ಕೂತ ಹಾಗೆ. ಆ ಚಕ್ರದ ಬೆಲ್ಟು ಬಿಚ್ಚಿ ಮೊಳೆಗೆ ನೇತುಹಾಕಿ ವರ್ಷಗಳೇ ಆಗಿದ್ದವು. ಬೆಲ್ಟಿಲ್ಲದ ಚಕ್ರ ತಿರುಗುವುದುಂಟೇ? ತಿರುಗುತ್ತಿತ್ತು, ಏನು ಮಾಡುತ್ತೀರಿ! ಒರೆಯಕ್ಕ ತಲೆಯೆತ್ತದೆ ದಬ್ಬಳ ಎಳೆಯುತ್ತಲೇ, "ಸಾಕು, ಸ್ವಲ್ಪ ಸುಮ್ನಿರಿ" ಅಂತ ಮೆಲ್ಲಗೆ ಗದರುತ್ತಿದ್ದಳು. ಗಂಡ ಜೊತೆಗಿದ್ದಾಗಲೂ ಹೀಗೇ ಗದರುತ್ತಿದ್ದಳು.

ಅಂಗಡಿಯೇನೂ ದೊಡ್ಡದಲ್ಲ, ಆದರೆ ಕಾಡುಮೇಡು ಅಲೆಯುವವರಿಗೆ ಅಲ್ಲಿ ಸಿಗದ ಸಾಮಾನಿಲ್ಲ. ಗಾಜಿನ ಕಪಾಟಿನಲ್ಲಿ ಮಡಚುವ ಚಾಕುಗಳು, ಬೆನ್ನಿಗೆ ಗರಗಸದ ಹಲ್ಲಿರುವ ಚೂರಿಗಳು. ಗೋಡೆಗೆ ಸಾಲಾಗಿ ಎಣ್ಣೆಕಾಗದ ಸುತ್ತಿದ ಹೊಸ ಮಚ್ಚುಗಳು. ಬುಟ್ಟಿಯಲ್ಲಿ ಅಂಗೈಯಗಲದ ಸಾಣೆಕಲ್ಲು, ಕಿಡಿ ಹಾರಿಸುವ ಕಡ್ಡಿ, ಹಗ್ಗದ ಸುರುಳಿ. ಗಲ್ಲಾಪೆಟ್ಟಿಗೆ ಅತ್ತೆಯದು, ಮತ್ತು ಅತ್ತೆಯ ಬಾಯಿ ಅಲ್ಲಿರುವ ಅಷ್ಟೂ ಮಚ್ಚಿಗಿಂತ ಹರಿತ. ಕಂಪನಿಯವರು ಚಾಕುವಿನ ಜೊತೆಗೇ ನೈಲಾನ್ ಒರೆ ಕಳಿಸತೊಡಗಿದಾಗ ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ರಿ, ಒರೆಯೋ ಕನ್ನಡಕದ ಚೀಲವೋ? ನಮ್ಮ ಸೊಸೆ ಹೊಲಿದಿದ್ದು ತಗೊಳ್ಳಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ" ಅಂದು ತೊಗಲಿನ ಒರೆಯನ್ನೇ ದಾಟಿಸುತ್ತಿದ್ದರು. ಆ ಸೊಸೆಯನ್ನು ಎದುರಿಗೆ ಮಾತ್ರ ಒಮ್ಮೆಯೂ ಹೊಗಳಿದವರಲ್ಲ.

ತೊಗಲಿನ ಒರೆಯ ಜೀವ ಇರುವುದು ಒಳಪಟ್ಟಿಯಲ್ಲಿ. ಬರೀ ಎರಡು ತೊಗಲು ಸೇರಿಸಿ ಅಂಚು ಹೊಲಿದುಬಿಟ್ಟರೆ ಮಚ್ಚಿನ ಬಾಯಿ ನೇರವಾಗಿ ದಾರದ ಮೇಲೆ ಕೂರುತ್ತದೆ. ಅದಕ್ಕೇ ನಡುವೆ, ಹೊಲಿಗೆಯ ಉದ್ದಕ್ಕೂ, ಬೆರಳಗಲದ ಇನ್ನೊಂದು ತೊಗಲಿನ ಪಟ್ಟಿ ಇಡಬೇಕು. ಆಗ ಬಾಯಿ ಪಟ್ಟಿಯನ್ನು ಕಚ್ಚುತ್ತದೆ, ದಾರ ಉಳಿಯುತ್ತದೆ. ಪಟ್ಟಿ ಇಲ್ಲವೋ, ನಡೆಯುತ್ತ ನಡೆಯುತ್ತ ದಾರ ಎಳೆಎಳೆಯಾಗಿ ಕತ್ತರಿಸಿಹೋಗಿ ಅಲಗು ಹೊರಗೆ ಬರುತ್ತದೆ. ಅಲ್ಲಿ ಕಾಯುತ್ತಿರುವುದು ಕಟ್ಟಿಕೊಂಡವನ ತೊಡೆ. ಅಂಚಿಗೆ ಮೇಣ ತಿಕ್ಕಿ ನಯ ಮಾಡಿದ ಮೇಲೆ ಪಟ್ಟಿ ಇದೆಯೋ ಇಲ್ಲವೋ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಹೊಲಿದವಳಿಗೆ ಗೊತ್ತು.

ಒರೆಯಕ್ಕನ ಗಂಡ ಸಾಣೆ ಹಿಡಿಯುವವನು. ಎಡಗೈಯವನಾದ್ದರಿಂದ ಅವನ ಅಮ್ಮ ಸೇರಿದಂತೆ ಎಲ್ಲರೂ ಅವನನ್ನು ಎಡಚ ಅಂತಲೇ ಕರೆಯುತ್ತಿದ್ದರು. ಅವನು ಹರಿತ ಮಾಡಿದ ಬಾಯಿಯ ಇಳಿಜಾರು ಒಂದು ಮಗ್ಗುಲಿಗೆ ಉದ್ದ, ಇನ್ನೊಂದಕ್ಕೆ ಗಿಡ್ಡ. ಹಿಡಿಯ ಹತ್ತಿರ ಎರಡು ಬೆರಳಿನಷ್ಟು ಮೊಂಡಾಗಿಯೇ ಬಿಡುತ್ತಿದ್ದ, ಹಿಡಿದವರ ಬೆರಳು ಮುಂದೆ ಜಾರಿದರೆ ಕೊಯ್ಯಬಾರದು ಅಂತ. ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು: ಹೊಸ ಬಗೆಯ ಮಚ್ಚು ಬಂದರೆ ಅದಕ್ಕೆ ಬೆಲೆಚೀಟಿ ಅಂಟಿಸುವ ಮೊದಲು ಒಂದು ಹಗಲು ಕಾಡು ತೋರಿಸಿ ತರಬೇಕು. ಪೊದೆ ಸವರಿ, ಕೊಂಬೆ ಕಡಿದು, ಒಳ್ಳೆಯದೋ ಕೆಟ್ಟದೋ ನೋಡಬೇಕು. ಅದು ಎಡಚನ ಕೆಲಸ. ಮೊದಮೊದಲು ಸಂಜೆಗೆ ಬರುತ್ತಿದ್ದವನು ಆಮೇಲಾಮೇಲೆ ಮಾರನೆಯ ದಿನ ಬರತೊಡಗಿದ.

ಅವನು ಕೊನೆಯ ಸಲ ಹೊರಟ ಬೆಳಗ್ಗೆ ಜಗಳವಾದದ್ದು ಅದಕ್ಕೇ. "ಮಚ್ಚಿಗೆ ಕಾಡು ತೋರ್ಸೋಕೆ ಒಂದು ಹಗಲು ಸಾಲದಾ? ಅಲ್ಲಿ ಯಾರಾದ್ರೂ ದಾರಿ ಕಾಯ್ತಾ ಇದ್ದಾರಾ?" ಅಂದಳು ಇವಳು.

"ಇದ್ರೆ?" ಅಂದ ಅವನು, ತಮಾಷೆಯೋ ನಿಜವೋ ತಿಳಿಯದ ಮುಖದಲ್ಲಿ. "ಒರೆ ಆಯ್ತಾ ಇಲ್ವಾ? ಅದನ್ನ ಹೇಳು."

ಆಗಿರಲಿಲ್ಲ. ಇವಳು ಹಲ್ಲು ಕಚ್ಚಿಕೊಂಡು, ಕತ್ತರಿಸಿಟ್ಟಿದ್ದ ಪಟ್ಟಿಯನ್ನು ಮೊಣಕಾಲ ಕೆಳಗೆ ಹಾಗೇ ಬಿಟ್ಟು, ಎರಡೇ ತೊಗಲು ಸೇರಿಸಿ ಹೊಲಿದು ಅವನ ಮುಂದೆ ಎಸೆದಳು. ಅವನು ಕಟ್ಟಿಕೊಂಡು ಹೊರಟ. ಹೊಳೆ ತುಂಬಿ ಹರಿಯುತ್ತಿದ್ದ ದಿನಗಳು. ಹುಡುಕಲು ಹೋದವರಿಗೆ ದಡದಲ್ಲಿ ಅವನ ಚೀಲ ಮಾತ್ರ ಸಿಕ್ಕಿತು. ಕಾಲು ಜಾರಿರಬೇಕು, ಕೊಚ್ಚಿಕೊಂಡು ಹೋಗಿರಬೇಕು ಅಂದರು. ಅತ್ತೆ ಎದೆ ಬಡಿದುಕೊಂಡು ಅತ್ತರು, ಆಮೇಲೆ ಕಾಡು ತೋರಿಸುವ ಪದ್ಧತಿಯನ್ನೇ ನಿಲ್ಲಿಸಿದರು.

ಕಾಲು ಯಾಕೆ ಜಾರಿತು ಅನ್ನುವುದು ಇವಳೊಬ್ಬಳಿಗೆ ಗೊತ್ತಿತ್ತು. ದಾರ ಕತ್ತರಿಸಿಹೋದದ್ದು, ಅಲಗು ತೊಡೆಗಿಳಿದದ್ದು, ಅವನು ರಕ್ತ ತೊಳೆಯಲು ನೀರಿನ ಕಡೆ ಬಗ್ಗಿದ್ದು ಎಲ್ಲ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಯಾರಿಗೂ ಹೇಳಲಿಲ್ಲ. ಪಟ್ಟಿಯನ್ನು ಅವಸರಕ್ಕೆ ಬಿಟ್ಟೆನೋ ಸಿಟ್ಟಿಗೆ ಬಿಟ್ಟೆನೋ ಅಂತ ತನ್ನನ್ನೇ ಕೇಳಿಕೊಂಡು ಕೇಳಿಕೊಂಡು ಸೋತುಹೋಗಿದ್ದಳು. ಅಂದಿನಿಂದ ಪ್ರತಿ ಒರೆಗೂ ಎರಡೆರಡು ಪಟ್ಟಿ. "ಇದೇನೇ, ಚಪ್ಪಲಿ ಅಟ್ಟೆ ಥರ ದಪ್ಪ! ತೊಗಲೇನು ಮರದಲ್ಲಿ ಬಿಡುತ್ತಾ?" ಅಂತ ಅತ್ತೆ ಗೊಣಗಿದರೂ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಚಕ್ರದ ಸದ್ದನ್ನು ಇವಳು ಶಿಕ್ಷೆಯೆಂದೇ ತಿಳಿದಿದ್ದಳು. ಹೆದರಿಕೆಯಾಗುತ್ತಿತ್ತು, ನಿಜ. ಆದರೆ ಯಾವತ್ತಾದರೂ ತಡವಾದರೆ ಕಿವಿ ಅತ್ತಲೇ ಇರುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಗೈಡು ಒಬ್ಬ ಬಂದ. ಹೊಳೆಯಾಚೆಯ ಬೆಟ್ಟ ಹತ್ತುವವರಿಗೆ ದಾರಿ ತೋರಿಸುವವನು, ಹಸನ್ಮುಖಿ. ನಾಲ್ಕಾರು ಮಡಚುವ ಚಾಕು, ಹಗ್ಗ, ಕಿಡಿಕಡ್ಡಿ ಎಲ್ಲ ಆರಿಸಿಕೊಂಡು, ಅತ್ತೆಯ ಹತ್ತಿರ ಚೌಕಾಶಿ ಮಾಡಿ ಸೋತು, ಕೊನೆಗೆ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದ.

"ಅಕ್ಕಾ, ಇದಕ್ಕೊಂದು ಹೊಸ ಒರೆ ಆಗ್ಬೇಕು. ನಂದಲ್ಲ ಇದು. ನಮ್ಮ ಕಡೆ ಸಾಣೆ ಹಿಡಿಯೋರು ಒಬ್ರಿದ್ದಾರೆ, ಅವರದ್ದು. ಪೇಟೆಗೆ ಹೋಗ್ತೀನಿ ಅಂದೆ, ಅವರ ಹೆಂಡ್ತಿ ಗಂಟು ಕಟ್ಟಿ ಕೊಟ್ರು."

ಒರೆಯಕ್ಕ ಬಟ್ಟೆ ಬಿಚ್ಚಿದಳು. ಮೊದಲು ಕಂಡದ್ದು ಹಳೆಯ ಒರೆ. ಅದರ ಮೇಲ್ತುದಿಯ ಹೊಲಿಗೆ ಅವಳದೇ. ತನ್ನ ಕೈಬರಹ ಗುರುತಿಸದವರುಂಟೇ? ನಡುವೆ ಗೇಣುದ್ದ ದಾರ ಕತ್ತರಿಸಿಹೋಗಿತ್ತು, ಅಲ್ಲಿ ಮೀನಿನ ಬಲೆಯ ದಾರದಿಂದ ಯಾರೋ ಎಡಕ್ಕೆ ವಾಲಿಸಿ ಹೊಲಿದಿದ್ದರು. ಮಚ್ಚನ್ನು ಎಳೆದಳು. ಒಂದು ಮಗ್ಗುಲಿಗೆ ಉದ್ದ ಇಳಿಜಾರು, ಹಿಡಿಯ ಹತ್ತಿರ ಎರಡು ಬೆರಳು ಮೊಂಡು. ಹಳೆಯ ಹರಿತವಾಗಿದ್ದರೆ ಇಷ್ಟರಲ್ಲಿ ಸವೆದು ಹೋಗಿರಬೇಕಿತ್ತು. ಇದು ಮೊನ್ನೆ ಮೊನ್ನೆ ಹಿಡಿದ ಸಾಣೆ. ಉಗುರು ಸವರಿದರೆ ಕಚ್ಚುವಷ್ಟು ಹೊಸದು.

"ಅವರು... ಹೇಗಿದ್ದಾರೆ ನೋಡೋಕೆ?" ಒರೆಯಕ್ಕ ಕೇಳಿದಳು.

"ಗಟ್ಟಿ ಆಳು. ಸ್ವಲ್ಪ ಕುಂಟ್ತಾರೆ ಅಷ್ಟೆ, ತೊಡೆಗೆ ಹಳೇ ಪೆಟ್ಟು. ಎಡಗೈಯವರು. ಒಳ್ಳೇ ತಮಾಷೆ ಮನುಷ್ಯ ಬಿಡಿ. ಹಾಂ, ಮರೆತಿದ್ದೆ! ಒರೆ ಇದೇ ಅಂಗಡೀಲಿ ಮಾಡಿಸ್ಬೇಕು ಅಂದ್ರು. ಈ ಸಲ ಒಳಪಟ್ಟಿ ಹಾಕೋಕೆ ಹೇಳು, ಮರೀಬೇಡ ಅಂದ್ರು. ಅಂದು ನಕ್ರು."

ಗಲ್ಲಾದಿಂದ ಅತ್ತೆ ಎದ್ದು ಬಂದಿದ್ದರು. ಅವರು ಮಚ್ಚನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು, ಮಗುವಿನ ಕೆನ್ನೆ ಸವರಿದ ಹಾಗೆ. ಆಮೇಲೆ ಕೇಳಿದರು: "ಅವರಿಗೆ ಮನೆಕಡೆ ಯಾರೂ ಇಲ್ವೇನಪ್ಪಾ? ಅಮ್ಮ, ಗಿಮ್ಮ?"

"ಯಾರೂ ಇಲ್ವಂತಮ್ಮಾ. ಎಲ್ಲಾ ಹೋಗ್ಬಿಟ್ರು ಅಂತಾರೆ." ಗೈಡು ಚೀಲ ಹೆಗಲಿಗೇರಿಸಿದ. "ಸಂಜೆ ಬಸ್ಸಿಗೆ ಹೋಗ್ಬೇಕು. ಅಷ್ಟರಲ್ಲಿ ಆಗುತ್ತಾ?"

"ಆಗುತ್ತೆ" ಅಂದಳು ಒರೆಯಕ್ಕ.

ಅವನು ಹೋದ ಮೇಲೆ ಅತ್ತೆ ಹಳೆಯ ಒರೆಯನ್ನು ಎತ್ತಿಕೊಂಡು ಗಲ್ಲಾದ ಕಡೆ ಹೋದರು. ಇವಳು ತೊಗಲು ಕತ್ತರಿಸಿದಳು, ತೂತು ಹೊಡೆದಳು, ದಾರಕ್ಕೆ ಮೇಣ ಸವರಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಒಳಗೆ ಬೆಂಕಿ ಬಿದ್ದಿತ್ತು. ಸತ್ತಿಲ್ಲ! ತಾನು ಕೊಂದಿಲ್ಲ! ಅಳಬೇಕೋ ನಗಬೇಕೋ ತಿಳಿಯುವ ಮೊದಲೇ ಸಿಟ್ಟು ನೆತ್ತಿಗೇರಿತು. ಅವನಿಗೆ ಗೊತ್ತಿತ್ತು. ಯಾಕೆ ಗಾಯವಾಯಿತು, ಯಾರ ಕೈಯಿಂದ ಆಯಿತು ಎಲ್ಲ ಗೊತ್ತಿದ್ದು, ಒಂದು ಮಾತು ಹೇಳಿ ಕಳಿಸದೆ, ಇವಳು ಹಗಲೂ ರಾತ್ರಿ ಬೇಯಲಿ ಅಂತ ಆಚೆ ದಡದಲ್ಲಿ ಬೇರೆ ಮನೆ ಮಾಡಿಕೊಂಡು ಕೂತಿದ್ದ. ಈಗ ತಮಾಷೆ ಹೇಳಿ ಕಳಿಸಿದ್ದಾನೆ. ನಗುತ್ತ!

ಒಳಪಟ್ಟಿಯನ್ನು ಕತ್ತರಿಸಿ ಚಾಪೆಯ ಮೇಲಿಟ್ಟಳು. ದಬ್ಬಳಕ್ಕೆ ದಾರ ಪೋಣಿಸಿದಳು. ಎರಡು ತೊಗಲನ್ನು ಜೋಡಿಸಿ ಹಿಡಿದಳು. ಪಟ್ಟಿ ಚಾಪೆಯ ಮೇಲೇ ಇತ್ತು.

ಮಧ್ಯಾಹ್ನವಾಗಿ ಬೀದಿ ತೆಪ್ಪಗಾದ ಹೊತ್ತಿಗೆ ಅತ್ತೆ ಬಂದು ಎದುರಿಗೆ ಕುಕ್ಕರಿಸಿದರು. ಅವರ ಕೈಯಲ್ಲಿ ಹಳೆಯ ಒರೆಯಿತ್ತು. ಬಲೆಯ ದಾರವನ್ನು ಬಿಚ್ಚಿ, ಉಗುರಿನಿಂದ ತೊಗಲು ಅಗಲಿಸಿ ಒಳಗೆ ನೋಡಿದ್ದರು. ಜೀವಮಾನವೆಲ್ಲ ಒರೆ ಮಾರಿದ ಹೆಂಗಸು, ಏನೂ ಕೇಳಬೇಕಾಗಿರಲಿಲ್ಲ. ಸೊಸೆಯ ಮುಖ ನೋಡಿದರು, ಚಾಪೆಯ ಮೇಲಿನ ಪಟ್ಟಿ ನೋಡಿದರು. ಈ ಹೊತ್ತಿನಲ್ಲಿ ಅವರ ಬಾಯಿಂದ ಬೈಗುಳದ ಮಳೆಯೇ ಬರುತ್ತದೆ ಅಂದುಕೊಂಡು ಇವಳು ಕಾದಳು.

"ಇವತ್ತು ಸದ್ದಿಲ್ಲ" ಅಂದರು ಅತ್ತೆ.

"ಏನು?"

"ಚಕ್ರದ್ದು. ಈ ಹೊತ್ತಿಗೆ ಶುರುವಾಗ್ಬೇಕಿತ್ತು."

ಒರೆಯಕ್ಕ ದಬ್ಬಳ ಕೆಳಗಿಟ್ಟಳು. "ನಿಮಗೂ ಕೇಳಿಸ್ತಿತ್ತಾ ಅತ್ತೆ?"

"ನಾನೇನು ಕಿವುಡೀನಾ? ಮಗ ಬಂದು ಕೂತಿದ್ದಾನೆ ಅಂತ್ಲೇ ದಿನಾ ಒಂದು ಲೋಟ ನೀರು ಇಟ್ಟು ಬರ್ತಿದ್ದೆ. ನಿನಗೆ ಹೇಳಿದ್ರೆ ಹೆದರ್ಕೋತೀಯ ಅಂತ ಬಾಯಿ ಮುಚ್ಕೊಂಡಿದ್ದೆ." ಅವರು ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದರು. "ಅವನು ಅಲ್ಲಿ ಉಂಡುಕೊಂಡು ಚೆನ್ನಾಗಿದ್ದಾನೆ ಅಂದ್ಮೇಲೆ, ಇಷ್ಟು ವರ್ಷ ಇಲ್ಲಿ ಕೂತು ತುಳೀತಿದ್ದೋರು ಯಾರೇ?"

ಇಬ್ಬರಿಗೂ ಎದ್ದು ನೋಡುವ ಧೈರ್ಯ ಬರಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು. ಆಮೇಲೆ ಅತ್ತೆ ಚಾಪೆಯ ಮೇಲಿನ ಪಟ್ಟಿಯನ್ನು ಎತ್ತಿ ಸೊಸೆಯ ಮುಂದೆ ಹಿಡಿದರು.

"ಹಾಕೇ" ಅಂದರು. "ಅವನೆಂಥವನೇ ಆಗಿರ್ಲಿ. ನನಗೋಸ್ಕರ ಹಾಕು."

ಅಷ್ಟು ವರ್ಷದಲ್ಲಿ ಅತ್ತೆ ಇವಳನ್ನು ಬೇಡಿಕೊಂಡದ್ದು ಅದೇ ಮೊದಲು. ಒರೆಯಕ್ಕ ಪಟ್ಟಿ ತೆಗೆದುಕೊಂಡಳು. ನಡುವೆ ಇಟ್ಟು, ಅಂಚಿಗೆ ಅಂಚು ಕೂರಿಸಿ ಹೊಲಿದಳು. ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ. ಕಣ್ಣು ತುಂಬಿ ದಾರ ಕಾಣದಾದಾಗ ತೋಳಿನಿಂದ ಒರೆಸಿಕೊಂಡು ಮತ್ತೆ ಹೊಲಿದಳು.

ಸಂಜೆ ಗೈಡು ಬಂದು ಹೊಸ ಒರೆಯನ್ನು ತಿರುಗಿಸಿ ನೋಡಿ, "ಅಬ್ಬಾ, ಏನು ಕೆಲಸ ಅಕ್ಕಾ! ನೋಡಿ ಖುಷಿಪಡ್ತಾರೆ. ಏನಾದ್ರೂ ಹೇಳ್ಬೇಕಾ ಅವರಿಗೆ?" ಅಂದ.

"ಹೇಳಪ್ಪಾ. ಹಳೇ ಒರೆ ಹೊಲಿದಿದ್ದೋಳು ಸತ್ತುಹೋದ್ಲು ಅಂತ ಹೇಳು" ಅಂದಳು ಒರೆಯಕ್ಕ.

"ಅಯ್ಯೋ ಪಾಪ! ಯಾವಾಗ?"

"ಅವರು ಮನೆ ಬಿಟ್ಟ ದಿನವೇ. ಈಗ್ಲೂ ದಿನಾ ಮಧ್ಯಾಹ್ನ ಬಂದು ಚಕ್ರ ತುಳೀತಾಳೆ, ಸದ್ದು ಕೇಳುತ್ತೆ ಅಂತ ಹೇಳು. ಅಷ್ಟು ಸಾಕು."

ಗೈಡಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಗಲ್ಲಾದ ಕಡೆ ನೋಡಿದ. ಅತ್ತೆ ತಲೆ ತಗ್ಗಿಸಿ, ಇದ್ದ ಕಡೆಯೇ ಇದ್ದರು. ಅವನು ಮಚ್ಚನ್ನು ಗಂಟಿನಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದ. ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಅತ್ತೆ ಇದ್ದಕ್ಕಿದ್ದಂತೆ ಎದ್ದರು, ಸ್ಟೂಲು ಉರುಳಿತು, ಚಪ್ಪಲಿಯೂ ಮೆಟ್ಟದೆ ಹೊರಗೆ ಓಡಿದರು. ಮಂಡಿ ನೋವಿನ ಹೆಂಗಸು, ಓಡಿದ್ದನ್ನು ಆ ಬೀದಿಯವರು ಎಂದೂ ನೋಡಿರಲಿಲ್ಲ.

"ಏ ಗೈಡಪ್ಪಾ! ನಿಲ್ಲೋ! ಅಮ್ಮ ಇದ್ದಾಳೆ ಅಂತ ಹೇಳೋ ಅವನಿಗೆ! ಅಮ್ಮ ಸತ್ತಿಲ್ಲ ಅಂತ ಹೇಳು!"

ಗೈಡು ತಿರುಗಿ ಕೈಯೆತ್ತಿದನೋ, ಬಸ್ಸಿನ ಅವಸರದಲ್ಲಿ ಕೇಳಿಸಿಕೊಂಡನೋ ಇಲ್ಲವೋ, ದೂರಕ್ಕೆ ಗೊತ್ತಾಗಲಿಲ್ಲ. ಒರೆಯಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕರೆದರೂ ಅತ್ತೆ ಬರಲಿಲ್ಲ. ಕೊನೆಗೆ ಇವಳೇ ಹೋಗಿ, ಅವರ ಚಪ್ಪಲಿಯನ್ನು ಕಾಲ ಹತ್ತಿರ ಇಟ್ಟು, ರಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು.