ಸಂಧಿಯಾದ ಮೇಲೂ ಮುಗಿಯದ ಯುದ್ಧ

ಅಮ್ಮ ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಕಲಿಸಿದವರು. ಕಳೆದ ಮೇ ತಿಂಗಳು ಡೆಟ್ರಾಯಿಟ್ ಬಳಿಯ ನಮ್ಮ ಮನೆಗೆ ಬಂದಿದ್ದರು. ಆಗೊಂದು ದಿನ ಪಕ್ಕದ ಮನೆಯ, ತೊಂಬತ್ತು ದಾಟಿದ ಅಮೆರಿಕನ್ ಅಜ್ಜಿಯನ್ನು ಅವರ ತಂದೆಯ ಸಮಾಧಿಗೆ ಕರೆದುಕೊಂಡು ಹೋದೆ. ಅಮ್ಮನೂ ಜೊತೆಗೆ ಬಂದರು.

ಆ ತಂದೆ ಮೊದಲ ಮಹಾಯುದ್ಧದ ಸಿಪಾಯಿ. ಮಿತ್ರರಾಷ್ಟ್ರವಾಗಿದ್ದ ರಷ್ಯಾದಲ್ಲಿ ಕ್ರಾಂತಿಯಾಗಿ, ಹೊಸ ಸರ್ಕಾರ ಜರ್ಮನಿಯೊಂದಿಗೆ ಪ್ರತ್ಯೇಕ ಸಂಧಿ ಮಾಡಿಕೊಂಡ ಮೇಲೆ, ಅಲ್ಲಿದ್ದ ಮದ್ದುಗುಂಡು ಜರ್ಮನ್ನರ ಕೈಸೇರದಿರಲೆಂದು ನಮ್ಮ ಈ ಮಿಷಿಗನ್ ರಾಜ್ಯದ ಸಿಪಾಯಿಗಳನ್ನು ಆ ದೇಶದ ಉತ್ತರದ ಹಿಮಕ್ಕೆ ಕಳಿಸಿದ್ದರಂತೆ.

“ಆ ಸಂಧಿ ಷರತ್ತುಗಳು ನಂಗೆ ಈಗ್ಲೂ ಬಾಯಿಗೆ ಬರ್ತವೆ. ಇವರು ಅಲ್ಲಿಗೆ ಹೋಗಿದ್ದು ಗೊತ್ತಿರ್ಲಿಲ್ಲ,” ಎಂದರು ಅಮ್ಮ. “ಯುದ್ಧ ನಿಂತಾಗ ವಾಪಸ್ ಬಂದ್ರಾ, ಕೇಳು.”

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ನವೆಂಬರಿನಲ್ಲಿ ಯುದ್ಧ ಮುಗಿಯಿತೆಂದು ಇಲ್ಲಿ ಚರ್ಚುಗಳ ಗಂಟೆ ಬಾರಿಸಿದ ದಿನವೂ ಅವರ ತಂದೆ ಅಲ್ಲಿ ರಷ್ಯಾದ ಹೊಸ ಸರ್ಕಾರದ ಸೈನಿಕರತ್ತ ಗುಂಡು ಹಾರಿಸುತ್ತಿದ್ದರು. ನಮಗೀಗ ಯಾರ ಮೇಲೆ ಯುದ್ಧ ಎಂದು ಅಧಿಕಾರಿಯನ್ನು ಕೇಳಿದರೆ ಉತ್ತರ ಸಿಗಲಿಲ್ಲ. ಫೆಬ್ರವರಿಯಲ್ಲಿ, ಊರಿನಲ್ಲಿ ಅವರ ಬೀದಿಯಿಂದಲೇ ಜೊತೆಗೆ ಹೋಗಿದ್ದ ಗೆಳೆಯ ಸತ್ತ.

“ಅವನು ಯಾತಕ್ಕೆ ಸತ್ತ ಅಂತ ಅವನ ತಾಯಿ ಕೇಳಿದರೆ ಏನು ಹೇಳುವುದೆಂದು ಅಪ್ಪನಿಗೆ ತಿಳಿಯಲಿಲ್ಲ. ಊರಿಗೆ ಬಂದವರು ಆ ಬೀದಿ ಬಿಟ್ಟು ಬೇರೆ ಕಡೆ ಮನೆ ಮಾಡಿದರು,” ಎಂದರು ಅಜ್ಜಿ.

ಅದನ್ನು ಕನ್ನಡದಲ್ಲಿ ಹೇಳಿದೆ. “ಆ ಹುಡುಗನ ಸಮಾಧಿ ಎಲ್ಲಿದೆಯಂತೆ?” ಎಂದರು ಅಮ್ಮ.

ಹತ್ತು ವರ್ಷದ ಮೇಲೆ ರಷ್ಯಾದಿಂದ ತಂದು ಇಲ್ಲೇ ಹೂಳಿದ್ದರಂತೆ; ನಾಲ್ಕು ಕಲ್ಲುಗಳ ಆಚೆಗಿತ್ತು. ಅಜ್ಜಿಯ ಕೈ ಹಿಡಿದುಕೊಂಡು ಅಮ್ಮ ಮೆಲ್ಲಗೆ ಅಲ್ಲಿಗೆ ನಡೆದರು.