ಲಗ್ನದ ಮನೆಗೆ ನೋಟೀಸು

ಅಮ್ಮ ಚರಂಡಿಗೆ ಬಿದ್ದದ್ದು ನಮ್ಮ ಮನೆಯ ಗೇಟಿನ ಮುಂದೆಯೇ. ಹೂಳು ತೆಗೆಯಲು ಬಂದ ಪಾಲಿಕೆಯವರು ಕಲ್ಲುಚಪ್ಪಡಿ ಎತ್ತಿಟ್ಟು ಹಾಗೇ ಹೋಗಿದ್ದರು. ಬೆಳಗಿನ ಹಾಲಿಗೆ ಹೊರಟಿದ್ದ ಅಮ್ಮನ ಸೊಂಟದ ಹತ್ತಿರ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ರಾಡು ಹಾಕಿದರು. ಮುಂದೆ ಕೀಲು ಬದಲಾಯಿಸಿದರೆ ಮೊದಲಿನಂತೆ ನಡೆದಾರು, ಇಲ್ಲದಿದ್ದರೆ ವಾಕರೇ ಗತಿ ಎಂದರು ಡಾಕ್ಟರು. ನನ್ನ ಉಳಿತಾಯ ಮೊದಲ ಆಪರೇಷನ್ನಿಗೇ ಕರಗಿತ್ತು. ಪರಿಹಾರ ಬಂದರೆ ಅಮ್ಮ ನಡೆಯುತ್ತಾಳೆ, ಬರದಿದ್ದರೆ ಇಲ್ಲ. ವಿಷಯ ಅಷ್ಟೇ.

ಆಗ ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮಾಡುತ್ತಿದ್ದೆ. ಬೆಳಗ್ಗೆ ಅಮ್ಮನ ಆರೈಕೆ, ಮಧ್ಯಾಹ್ನ ಬಸ್ಸು, ಆಮೇಲೆ ಮೆಷಿನ್ನು. ಅದರ ನಡುವೆಯೇ ಬಿಡುವು ಮಾಡಿಕೊಂಡು ಒಬ್ಬ ಲಾಯರನ್ನು ಕಂಡೆ. "ಮೊದ್ಲು ಪಾಲಿಕೆಗೆ ನೋಟೀಸ್ ಕೊಡ್ಬೇಕು. ಎರಡು ತಿಂಗಳು ಕಾದು ಆಮೇಲೆ ಕೇಸು. ಅದೂ ಬಿದ್ದ ದಿನದಿಂದ ಆರು ತಿಂಗಳ ಒಳಗೆ. ತಡ ಮಾಡ್ಬೇಡಿ ಸಾರ್," ಎಂದರು.

ತಡ ಮಾಡುವ ಮನಸ್ಸು ನನಗಿರಲಿಲ್ಲ. ಆದರೆ ಸಹಿ ಅಮ್ಮನದೇ ಬೇಕಿತ್ತು.

ನಮ್ಮದು ಹಳೇ ಹಳ್ಳಿ. ಫ್ಯಾಕ್ಟರಿಗಳು, ಪಾಲಿಕೆ ಎಲ್ಲ ಆಮೇಲೆ ಬಂದವು. ಅಮ್ಮನನ್ನು ಊರೊಳಗೇ ಕೊಟ್ಟಿದ್ದರು, ಅವಳ ತವರು ಎರಡು ಬೀದಿ ಆಚೆ. ವಾರ್ಡಿನ ಮೆಂಬರ್ ಅವಳ ದೊಡ್ಡಪ್ಪನ ಮೊಮ್ಮಗ. ಆಸ್ಪತ್ರೆಗೆ ಮೂಸಂಬಿ ತಂದು, "ಅತ್ತೆ, ನಾನಿಲ್ವಾ?" ಎಂದು ಹೇಳಿ ಹೋಗಿದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಅವನ ಮಗಳ ಮದುವೆಯೂ ಗೊತ್ತಾಯಿತು.

"ಲಗ್ನ ಕಟ್ಟಿಸಿರೋ ಮನೆಗೆ ಕೋರ್ಟು ಕಾಗದ ಕಳಿಸ್ತಾರೇನೋ? ನನ್ ತವರು ಕಣೋ ಅದು," ಎಂದಳು ಅಮ್ಮ.

"ಅವನಿಗಲ್ಲಮ್ಮ, ಪಾಲಿಕೆಗೆ."

"ಪಾಲಿಕೇಲಿ ಕೂತಿರೋನು ಯಾರು? ಮದ್ವೆ ಮುಗೀಲಿ. ಆಮೇಲೆ ನೀನೆಲ್ಲಿ ಹೇಳ್ತೀಯೋ ಅಲ್ಲಿ ಸಹಿ ಹಾಕ್ತೀನಿ."

ಕಾನೂನಿಗೆ ಲಗ್ನ ಗಿಗ್ನ ಗೊತ್ತಿಲ್ಲ ಎಂದು ಮತ್ತೆ ಮತ್ತೆ ಹೇಳಿದೆ. ಬಾಯಿ ನೋಯಿತೇ ಹೊರತು ಅವಳು ಜಗ್ಗಲಿಲ್ಲ. ಕೊನೆಗೆ ನನಗೂ ಸಾಕಾಗಿಹೋಯಿತು. ಶಿಫ್ಟ್ ಮುಗಿಸಿ ಬಂದವನಿಗೆ ಅಮ್ಮನ ಜೊತೆ ಜಗಳವಾಡುವ ತ್ರಾಣ ಎಲ್ಲಿಂದ ಬರಬೇಕು?

ಮೇ ತಿಂಗಳ ಕೊನೆಯಲ್ಲಿ ಮದುವೆಯಾಯಿತು. ಮನೆಮಗಳು ಎಂದು ಮೊದಲ ಅರಿಶಿನ ಅಮ್ಮನಿಂದಲೇ ಹಚ್ಚಿಸಿದರು. ಆಟೋದಿಂದ ಇಬ್ಬರು ಸೇರಿ ಇಳಿಸಿದರೂ ಅವಳ ಮುಖದಲ್ಲಿ ನೋವಿನ ಸುಳಿವಿರಲಿಲ್ಲ. ಅಷ್ಟು ಖುಷಿಯಾಗಿ ಅವಳನ್ನು ಆ ವರ್ಷ ನಾನು ನೋಡಿದ್ದು ಅದೊಂದೇ ದಿನ.

ಬೀಗರ ಊಟ ಕಳೆದ ಮೇಲೆ ಅಮ್ಮ ತಾನಾಗಿಯೇ ಸಹಿ ಹಾಕುತ್ತೇನೆಂದಳು. ಲಾಯರ ಹತ್ತಿರ ಓಡಿದೆ. ಅವರು ತಲೆಯಾಡಿಸಿದರು. ದೀಪಾವಳಿ ಕಳೆದು ವಾರಕ್ಕೆ ಬಿದ್ದವಳಿಗೆ ಆರು ತಿಂಗಳು ಯಾವಾಗಲೋ ದಾಟಿತ್ತು. "ಇನ್ನು ಹಾಕಿದ್ರೂ ನಿಲ್ಲಲ್ಲ ಸಾರ್," ಎಂದು ಫ್ಯಾನ್ ನನ್ನ ಕಡೆ ತಿರುಗಿಸಿದರು.

ಅಮ್ಮನೇ ಮೆಂಬರನ್ನು ಮನೆಗೆ ಕರೆಸಿದಳು. ಅವನು ಎಲ್ಲ ಕೇಳಿಸಿಕೊಂಡು ನಿಜಕ್ಕೂ ಬೇಸರಪಟ್ಟ.

"ಅಲ್ಲ ಅತ್ತೆ, ಆಗ್ಲೇ ಒಂದು ನೋಟೀಸ್ ಕೊಡೋದಲ್ವಾ? ನಾನೇ ಮೇಲಿನೋರ ಮುಂದೆ ಕೂತು ಮಾಡಿಸ್ತಿದ್ದೆ. ಕಾಗದಾನೇ ಇಲ್ದೆ ಏನಂತ ಕೇಳ್ಲಿ?"

"ನಿನ್ ಮನೇಲಿ ಲಗ್ನ ಇತ್ತಲ್ಲಪ್ಪಾ," ಎಂದಳು ಅಮ್ಮ.

"ಅದಕ್ಕೂ ಇದಕ್ಕೂ ಏನತ್ತೆ ಸಂಬಂಧ? ಆಫೀಸಿಗೆ ದಿನಾ ಬರ್ತವೆ ಅಂಥವು."

ಹೊರಡುವಾಗ ಅವನು ವಾಕರ್ ಪಕ್ಕಕ್ಕೆ ಸರಿಸಿ, ಬಗ್ಗಿ ಅವಳ ಕಾಲು ಮುಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರಪ್ಪ," ಎಂದಳು. ಮನಸಾರೆ ಹೇಳಿದಳು. ಅದನ್ನು ಮಾತ್ರ ನನಗೆ ಇವತ್ತಿಗೂ ತಡೆದುಕೊಳ್ಳಲು ಆಗಿಲ್ಲ.