ಡಿಕ್ಕಿಯೊಳಗಿನ ಡೊಳ್ಳು

"ಮಗನಿಗಾ ಮೇಡಂ?" ಎಂದು ಅಂಗಡಿಯವರು ಕೇಳಿದರು.

ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಕಾರಿನ ಸೀಟ್ ಕವರು, ಹಾರ್ನು, ಸ್ಪೀಕರುಗಳನ್ನು ಮಾರುವ ಅಂಗಡಿ ಅದು. ನಾನು ಕೇಳಿದ್ದು ಒಂದು ಆಂಪ್ಲಿಫೈಯರ್ ಮತ್ತು ಒಂದು ಸಬ್‌ವೂಫರ್. ನಲವತ್ತೇಳು ವರ್ಷದ, ಹತ್ತಿ ಸೀರೆ ಉಟ್ಟ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಹೆಂಗಸು ಇಂಥದ್ದನ್ನು ತನಗಾಗಿಯೇ ಕೇಳುತ್ತಿರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ನನಗೆ ಮಗನಿಲ್ಲ. ಇರುವ ಒಬ್ಬಳು ಮಗಳಿಗೆ ಕಾರು ಹತ್ತಿದ ಕೂಡಲೇ ನಿದ್ದೆ ಬರುತ್ತದೆ.

"ನನಗೇ," ಎಂದೆ.

ಅವರು ಒಮ್ಮೆ ತಡೆದು, "ಬೇಸ್ ಜೋರಿರುತ್ತೆ ಮೇಡಂ. ಎದೆಗೇ ಗುದ್ದುತ್ತೆ," ಎಂದು ಎಚ್ಚರಿಸಿದರು.

"ಅದಕ್ಕೇ ಬೇಕಾಗಿರೋದು."

ಕಾರಣ ಇಷ್ಟೇ. ಕಾಲೇಜಿನಲ್ಲಿ ಎರಡು ವರ್ಷ ನಾನು ಹುಡುಗಿಯರ ಡೊಳ್ಳು ತಂಡದಲ್ಲಿದ್ದೆ. ಆಗ ಯಾರೋ ಟೇಪ್ ರೆಕಾರ್ಡರ್ ಇಟ್ಟು ನಮ್ಮ ಒಂದು ಪ್ರದರ್ಶನವನ್ನು ಹಿಡಿದಿಟ್ಟಿದ್ದರು. ಆ ಕ್ಯಾಸೆಟ್ಟು ಇತ್ತೀಚೆಗೆ ಹಳೆಯ ಗೆಳತಿಯೊಬ್ಬಳ ಬೀರುವಿನಲ್ಲಿ ಸಿಕ್ಕಿ, ಅವಳು ಅದನ್ನು ಫೋನಿಗೆ ಹಾಕಿಸಿ ಕಳಿಸಿದ್ದಳು. ನಾನು ದಿನವೂ ಶಿವಮೊಗ್ಗದಿಂದ ಭದ್ರಾವತಿಯ ಶಾಲೆಗೆ ಕಾರಿನಲ್ಲಿ ಹೋಗಿ ಬರುವವಳು. ಹುಮ್ಮಸ್ಸಿನಿಂದ ಕಾರಿನಲ್ಲಿ ಹಾಕಿ ಕೇಳಿದೆ. ತಾಳದ ಸದ್ದು ಬಂತು, ನಮ್ಮ ಕೂಗು ಬಂತು, ಡೊಳ್ಳು ಮಾತ್ರ ಯಾರೋ ರಟ್ಟಿನ ಡಬ್ಬಿ ಕುಟ್ಟಿದ ಹಾಗೆ ಕೇಳಿಸಿತು. ಹೊಟ್ಟೆಯ ಮುಂದೆ ಡೊಳ್ಳು ಕಟ್ಟಿಕೊಂಡು ಕುಣಿದವಳಿಗೆ ಅದು ಅವಮಾನವೆನಿಸಿತು. ಬಾಗಿಲಿನ ಪುಟ್ಟ ಸ್ಪೀಕರುಗಳಿಂದ ಅಷ್ಟು ದಪ್ಪ ದನಿ ಹೊರಡುವುದಿಲ್ಲ, ಅದಕ್ಕೆ ಬೇರೆಯೇ ಸ್ಪೀಕರು, ಅದನ್ನು ಎಬ್ಬಿಸಲು ಬೇರೆಯೇ ಶಕ್ತಿ ಬೇಕು ಎಂದು ನಮ್ಮ ಶಾಲೆಯ ವಿಜ್ಞಾನದ ಮೇಡಂ ಹೇಳಿದ್ದರು.

ಅಂಗಡಿಯವರು ಕಾರು ಬಿಟ್ಟು ಹೋಗಿ, ನಾಳೆ ಫಿಟ್ ಮಾಡಿ ಕೊಡುತ್ತೇವೆ ಎಂದರು. ಅಲ್ಲಿಂದಲೇ ಭದ್ರಾವತಿಯ ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ಉತ್ತರ ಕೊಡುವ ಮೊದಲೇ ಭಾವ ಫೋನು ಕಿತ್ತುಕೊಂಡರು. ಭಾವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ನಿವೃತ್ತರಾಗಿ ಒಂದು ವರ್ಷವಾಗಿತ್ತು.

"ಯಾರ ಕೈಗೂ ಕೊಡಬೇಡ ಮಾರಾಯ್ತಿ. ಸಾಮಾನು ತಗೊಂಡು ಭಾನುವಾರ ಇಲ್ಲಿಗೆ ಬಾ. ನಾನೇ ಹಾಕ್ತೀನಿ."

"ಭಾವ, ನೀವು ಕಾರಿಂದು ಮಾಡಿದೀರಾ?"

"ನಾನೂರ ನಲವತ್ತು ವೋಲ್ಟಿನ ಜೊತೆ ಸಂಸಾರ ಮಾಡಿದೋನು ನಾನು. ಕಾರಿನ ಹನ್ನೆರಡು ವೋಲ್ಟು ಯಾವ ಲೆಕ್ಕ!"

ಭಾನುವಾರ ಬೆಳಿಗ್ಗೆ ನ್ಯೂಟೌನಿನ ಅವರ ಮನೆ ಮುಂದೆ ಹೊಂಗೆ ಮರದ ನೆರಳಿಗೆ ಕಾರು ನಿಲ್ಲಿಸಿದೆ. ಭಾವ ಹಳೆಯ ಜಮಖಾನ ಹಾಸಿ ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಜೋಡಿಸಿಟ್ಟಿದ್ದರು. ಡಬ್ಬಿಯ ಜೊತೆ ಬಂದಿದ್ದ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು, ಇರುವೆ ಸಾಲಿನಂಥ ಅಕ್ಷರ. ಹಿಂದಿನ ದಿನ ಕೂತು ನಾನದನ್ನು ಕನ್ನಡಕ್ಕೆ ತಿರುಗಿಸಿ, ಪಾಠ ಟಿಪ್ಪಣಿಯ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದೆ.

"ಮೊದಲು ಬ್ಯಾಟರಿಯ ಕಪ್ಪು ವೈರು ಬಿಚ್ಚಬೇಕು," ಎಂದು ಓದಿದೆ.

"ಯಾವುದಾದರೆ ಏನು?" ಎನ್ನುತ್ತ ಭಾವ ಕೆಂಪು ವೈರಿನ ನಟ್ಟಿಗೆ ಸ್ಪ್ಯಾನರ್ ಹಾಕಿದರು. ಸ್ಪ್ಯಾನರಿನ ಇನ್ನೊಂದು ತುದಿ ಬಾನೆಟ್ಟಿನ ಅಂಚಿಗೆ ತಗುಲಿತು. ಪಟ್ಟೆಂದು ಒಂದು ಕಿಡಿ ಹಾರಿತು. ಭಾವ ಎರಡು ಹೆಜ್ಜೆ ಹಿಂದೆ ಹಾರಿದರು, ಸ್ಪ್ಯಾನರು ಜಮಖಾನದ ಮೇಲೆ ಬಿತ್ತು.

ಅಕ್ಕ ಒಳಗಿನಿಂದ ಓಡಿ ಬಂದಳು. "ಏನ್ರೀ ಅದು?"

"ಏನಿಲ್ಲ," ಎಂದರು ಭಾವ. ಬೆರಳು ಬಾಯಲ್ಲಿತ್ತು.

ಕಾರಿನ ಮೈಯೆಲ್ಲ ಬ್ಯಾಟರಿಯ ಕಪ್ಪು ತುದಿಗೆ ಸೇರಿರುತ್ತದೆ. ಅದನ್ನು ಮೊದಲು ಬಿಚ್ಚಿಬಿಟ್ಟರೆ ಆಮೇಲೆ ಸ್ಪ್ಯಾನರು ಎಲ್ಲಿ ತಗುಲಿದರೂ ಕಿಡಿಯಿಲ್ಲ. ನನ್ನ ಪುಸ್ತಕದಲ್ಲಿ ಕಾರಣವೂ ಇತ್ತು; ಓದಿ ಹೇಳಿದೆ. ಭಾವ ಕನ್ನಡಕ ಒರೆಸಿಕೊಂಡು, "ಸರಿ ಮೇಡಂ, ಮುಂದಿಂದು ಓದಿ," ಎಂದರು. ಅಕ್ಕನನ್ನು ಮದುವೆಯಾದಾಗಿನಿಂದ ನನ್ನನ್ನು ನೋಡಿದ ಮನುಷ್ಯ, ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಅಲ್ಲಿಂದ ಕೆಲಸ ಸಲೀಸಾಗಿ ಸಾಗಿತು. ಬ್ಯಾಟರಿಯಿಂದ ಹೊರಡುವ ದಪ್ಪ ಕೆಂಪು ವೈರಿಗೆ, ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸು ಹಾಕಬೇಕು ಎಂದು ಓದಿದೆ. "ಅದು ಗೊತ್ತು ಬಿಡು. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಫ್ಯೂಸು ಸುಟ್ಟು ಕಾರು ಉಳಿಯುತ್ತೆ. ಇಲ್ಲಾಂದ್ರೆ ಕಾರೇ ಸುಡುತ್ತೆ," ಎಂದರು. ಆ ವೈರನ್ನು ಎಂಜಿನ್ನಿನ ಕಡೆಯಿಂದ ಕಾರಿನೊಳಕ್ಕೆ ತರಲು ಒಂದು ರಬ್ಬರಿನ ಮುಚ್ಚಳವಿರುವ ತೂತನ್ನು ಹುಡುಕಬೇಕಿತ್ತು. ನಾನು ಸೆರಗು ಸಿಕ್ಕಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಹಿಡಿದೆ. ಭಾವ ಆ ಕಡೆಯಿಂದ ನೂಕಿದರು.

"ಬಂತಾ?"

"ಇಲ್ಲ."

"ಈಗ?"

"ಇಲ್ಲ ಭಾವ."

"ಎಲ್ಲಿಗೆ ಹೋಗ್ತಾ ಇದೆ ಹಂಗಾದ್ರೆ?"

ಅದು ನನ್ನ ತುರುಬಿಗೆ ಬಂದು ಸಿಕ್ಕಿಕೊಂಡಿತ್ತು. ಬಿಡಿಸಲು ಅಕ್ಕನೇ ಬರಬೇಕಾಯಿತು.

ಕೆಂಪು ವೈರನ್ನು ಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಒಂದು ಪಕ್ಕದಿಂದ ಡಿಕ್ಕಿಗೆ ತಂದೆವು. ಸ್ಟೀರಿಯೋದಿಂದ ಹಾಡು ಹೊತ್ತು ತರುವ ತೆಳು ವೈರುಗಳನ್ನು ಇನ್ನೊಂದು ಪಕ್ಕದಿಂದ ತಂದೆವು. ಎರಡೂ ಒಟ್ಟಿಗಿದ್ದರೆ ಹಾಡಿಗೆ ಗೊರಗೊರ ಸೇರುತ್ತದಂತೆ. ಸ್ಟೀರಿಯೋ ಹಾಕಿದಾಗ ಆಂಪ್ಲಿಫೈಯರನ್ನೂ ಎಬ್ಬಿಸುವುದಕ್ಕೆ ಒಂದು ಸಣ್ಣ ನೀಲಿ ವೈರು ಬೇರೆ. ಡಿಕ್ಕಿಯಲ್ಲಿ ಸ್ಕ್ರೂಗೆ ತೂತು ಕೊರೆಯುವ ಮೊದಲು ಭಾವ ಕಾರಿನಡಿ ತೂರಿ ಪೆಟ್ರೋಲ್ ಟ್ಯಾಂಕು ಎಲ್ಲಿದೆ ಎಂದು ಎರಡು ಸಲ ನೋಡಿ ಬಂದರು. ಆಂಪ್ಲಿಫೈಯರಿನ ಕಪ್ಪು ವೈರನ್ನು ಡಿಕ್ಕಿಯ ತಗಡಿಗೇ ಬಿಗಿದರು. ಕೊನೆಗೆ ಬ್ಯಾಟರಿ ಜೋಡಿಸಿ ಫ್ಯೂಸು ಕೂರಿಸಿದಾಗ ಸಣ್ಣ ದೀಪ ಹತ್ತಿತು. ರೇಡಿಯೋ ಹಾಕಿದೆ. ಹಾಡು ಬಂತು. ಅಕ್ಕ ಚಪ್ಪಾಳೆ ತಟ್ಟಿದಳು.

ಎಂಜಿನ್ ಶುರು ಮಾಡಿದೆ. ಹಾಡಿನ ಹಿಂದೆ "ಕುಂಯ್" ಎಂದು ಇನ್ನೊಂದು ದನಿ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರಿತು, ಬಿಟ್ಟರೆ ಇಳಿಯಿತು.

ಒಂದು ಗಂಟೆ ಹುಡುಕಿದೆವು. ವೈರುಗಳನ್ನು ಬಿಚ್ಚಿದೆವು, ಮತ್ತೆ ಹಾಕಿದೆವು. ಕುಂಯ್ ಹೋಗಲಿಲ್ಲ. ನನಗೆ ಅಳು ಬರುವಂತಾಯಿತು. ಅಂಗಡಿಯಲ್ಲೇ ಬಿಟ್ಟಿದ್ದರೆ ಆಗುತ್ತಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಕ್ಕ ಊಟಕ್ಕೆ ಕರೆದಳು. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಭಾವ ತಲೆ ತಗ್ಗಿಸಿ ತಿಂದರು. ಕೈ ತೊಳೆದು ಬಂದವರು ಬಾಗಿಲಲ್ಲೇ ನಿಂತು, "ಕಪ್ಪು ವೈರು ಬಿಗಿಯೋ ಜಾಗದಲ್ಲಿ ಬಣ್ಣ ಕೆರೀಬೇಕು ಅಂತ ಓದಿದ್ಯಲ್ಲ," ಎಂದರು.

"ಹೂಂ, ಬಣ್ಣ ಅಡ್ಡ ಇದ್ರೆ ವೈರು ತಗಡಿಗೆ ಸರಿಯಾಗಿ ಸೇರಲ್ಲ ಅಂತ. ಕೆರೆದ್ರಲ್ಲ?"

"ಕೆರೀಲಿಲ್ಲ."

"ಯಾಕೆ ಭಾವ?"

"ಕಬ್ಬಿಣದ ಕಾರ್ಖಾನೇಲಿ ಇದ್ದೋನು ನಾನು. ಒಂದು ಗೀರು ಬಿದ್ದರೆ ತುಕ್ಕು ಹೆಂಗೆ ಹಬ್ಬುತ್ತೆ ಅಂತ ನೋಡಿದೀನಿ. ಹೊಸಾ ಕಾರು. ಮನಸ್ಸು ಬರಲಿಲ್ಲ."

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಬರೀ ಬಣ್ಣದ ಮೇಲಿನ ಕಾಳಜಿಯಲ್ಲ ಅದು ಎನಿಸಿತು. ನಾನೇ ಮರಳುಕಾಗದ ತೆಗೆದುಕೊಂಡು ಡಿಕ್ಕಿಯೊಳಗೆ ಬಗ್ಗಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಭಾವ ಆ ಕಡೆ ನೋಡಲಿಲ್ಲ. ವೈರು ಬಿಗಿದ ಮೇಲೆ ಸುತ್ತಲೂ ಗ್ರೀಸ್ ಮಾತ್ರ ಅವರೇ ಬಳಿದರು, ಗಾಯಕ್ಕೆ ಮುಲಾಮು ಹಚ್ಚಿದಷ್ಟು ನಾಜೂಕಾಗಿ.

ಎಂಜಿನ್ ಹಾಕಿದೆ. ಕುಂಯ್ ಇಲ್ಲ.

ಆಗ ಫೋನಿನಿಂದ ಡೊಳ್ಳು ಹಾಕಿದೆ. ಮೊದಲ ಪೆಟ್ಟು ಸೀಟಿನ ಬೆನ್ನಿನಿಂದ ನನ್ನ ಬೆನ್ನಿಗೆ ಬಂತು. ಆಮೇಲೆ ಎಂಟು ಡೊಳ್ಳು ಒಟ್ಟಿಗೆ. ಹೆಗಲಿಗೆ ಹಗ್ಗ ಒತ್ತಿದ ಜಾಗ, ಬೆವರಿದ ಅಂಗೈ, ಪಕ್ಕದವಳ ಹೆಜ್ಜೆ ತಪ್ಪಿದಾಗ ನಾನು ದುರುಗುಟ್ಟಿ ನೋಡಿದ್ದು, ಎಲ್ಲವೂ ನೆನಪಿಗೆ ಬಂದವು. ನನಗೆ ತಿಳಿಯದೆಯೇ ಸ್ಟೀರಿಂಗಿನ ಮೇಲೆ ಕೈ ಆಡುತ್ತಿತ್ತು. ಅಕ್ಕ ಪಕ್ಕದ ಸೀಟಿಗೆ ಬಂದು ಕೂತಳು. ಮುಗಿಯುವವರೆಗೂ ಕೇಳಿದಳು.

"ನೀನು ಸ್ಪೆಷಲ್ ಕ್ಲಾಸಿಗೆ ಹೋಗಿದೀಯ ಅಂತ ಅಮ್ಮನ ಹತ್ರ ಎಷ್ಟು ಸುಳ್ಳು ಹೇಳಿದೀನಿ ಗೊತ್ತಾ," ಎಂದಳು ಆಮೇಲೆ. "ನಿಮ್ಮ ಕುಣಿತ ಒಂದು ಸಲಾನೂ ನೋಡಲಿಲ್ಲ ನಾನು. ಇನ್ನೊಂದ್ಸಲ ಹಾಕು."

ಎರಡನೇ ಸಲ ಮುಗಿಯುವಷ್ಟರಲ್ಲಿ ಪಕ್ಕದ ಮನೆಯವರೆಲ್ಲ ಗೇಟಿಗೆ ಬಂದಿದ್ದರು. ಭಾವ ಡಿಕ್ಕಿ ತೆರೆದು, ಸಣ್ಣ ಸ್ಕ್ರೂಡ್ರೈವರಿನಿಂದ ದನಿಯ ಗುಂಡಿಯನ್ನು ಅರ್ಧಕ್ಕೆ ಇಳಿಸಿದರು. "ಪೂರ್ತಿ ತಿರುಗಿಸಿದರೆ ಸ್ಪೀಕರೂ ಹರಿಯುತ್ತೆ, ಜನರ ತಲೆಯೂ ಕೆಡುತ್ತೆ."

ಡೊಳ್ಳು ಹಾಕಿಕೊಂಡೇ ಶಿವಮೊಗ್ಗಕ್ಕೆ ಹೊರಟು ಮಾಚೇನಹಳ್ಳಿ ದಾಟುವಾಗ ಹಿಂದಿನಿಂದ ಕಟಕಟ ಶಬ್ದ. ಏನೋ ಕಳಚಿತೆಂದು ಹೆದರಿ ಕಾರು ನಿಲ್ಲಿಸಿದೆ; ಡೊಳ್ಳಿನ ಜೊತೆ ಆ ಸದ್ದೂ ಮುಂದುವರಿಯಿತು. ಟೀ ಅಂಗಡಿಯ ಮುಂದಿದ್ದ ಒಬ್ಬರು ಸುತ್ತ ನೋಡಿ, ನಂಬರ್ ಪ್ಲೇಟಿಗೆ ಕೈಯೊತ್ತಿದರು. ಸದ್ದು ನಿಂತಿತು. "ಡೊಳ್ಳಿಗೆ ಇದೂ ತಾಳ ಹಾಕ್ತಾ ಇತ್ತು ನೋಡಿ ಅಕ್ಕ," ಎಂದು ನಕ್ಕು, ಮಡಚಿದ ರಟ್ಟಿನ ತುಂಡೊಂದನ್ನು ಅದರ ಹಿಂದೆ ಸಿಕ್ಕಿಸಿ ಕೊಟ್ಟರು.

ಆ ವಾರವೇ ವಿಜ್ಞಾನದ ಮೇಡಂ ಕಾರನ್ನು ಶಾಲೆಯ ಮೈದಾನಕ್ಕೆ ತರಿಸಿದರು. ಒಂಬತ್ತನೇ ತರಗತಿಗೆ ಶಬ್ದದ ಪಾಠ ನಡೆದಿತ್ತು. ಸಬ್‌ವೂಫರಿನ ಪೆಟ್ಟಿಗೆಯ ಮೇಲೆ ಬಿಸಿಯೂಟದ ಸ್ಟೀಲ್ ತಟ್ಟೆಯಿಟ್ಟು, ಅದರಲ್ಲಿ ಒಂದು ಹಿಡಿ ರಾಗಿ ಹರಡಿ, ಹಾಡು ಹಾಕಲು ನನಗೆ ಸನ್ನೆ ಮಾಡಿದರು. ಪ್ರತಿ ಪೆಟ್ಟಿಗೂ ರಾಗಿ ನೆಗೆಯಿತು. ಮಕ್ಕಳು ಡಿಕ್ಕಿಯ ಸುತ್ತ ಮುತ್ತಿಕೊಂಡರು. ಗದ್ದಲ ಕೇಳಿ ಹೆಡ್ಮಾಸ್ಟರ್ ಬಯ್ಯಲು ಬಂದವರು, ತಟ್ಟೆ ನೋಡಿ ಹಾಗೇ ಬಗ್ಗಿ ನಿಂತರು.

"ಜೋಳ ಹಾಕಿದರೆ ನೆಗೆಯುತ್ತಾ?" ಎಂದು ಕೇಳಿದರು.

ಜೋಳ ಹಾಕಿದೆವು. ಅದೂ ನೆಗೆಯಿತು, ಸ್ವಲ್ಪ ಸೋಮಾರಿಯಾಗಿ.